ಒಂದು ಸೀಳು ಸೌದೆ

"ಇನ್ನು ಮುಂದೆ ಈ ಮನೆಯ ಒಲೆ ವಿಜ್ಞಾನದ ಮಾತು ಕೇಳಿ ಉರಿಯಬೇಕು!"

ಹೀಗೆಂದು ಕೊಳ್ಳೇಗಾಲದ ಮಾವನ ಮನೆಯಲ್ಲಿ ಬಿ.ಎಸ್ಸಿ. ಪುಟ್ಟಮಾದಪ್ಪ ಮೇಷ್ಟ್ರು ಘೋಷಿಸಿದ್ದು ಸಾವಿರದ ಒಂಬೈನೂರ ಅರವತ್ತನಾಲ್ಕರ ಬೇಸಿಗೆಯಲ್ಲಿ. ಹಜಾರದಲ್ಲಿ ಎರಡು ಕುಕ್ಕೆ ರೇಷ್ಮೆಗೂಡು ಕೂತಿದ್ದವು. ಒಂದು ನಾದಿನಿಯ ಧಾರೆ ಸೀರೆಗೆ, ಇನ್ನೊಂದು ಮಡದಿ ಶಿವರತ್ನಮ್ಮನ ಸೀರೆಗೆ. ಆಕೆ ಮೂರು ವರ್ಷ ಕಾದ ಸೀರೆ! ಗೂಡನ್ನು ಆವಿಯಲ್ಲಿ ಬೇಯಿಸದಿದ್ದರೆ ಒಳಗಿನ ಹುಳು ಚಿಟ್ಟೆಯಾಗಿ, ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ. ಎಳೆ ತುಂಡು, ಸೀರೆ ಅಲ್ಲಿಗೆ ಮುಗಿಯಿತು.

"ಎರಡು ಕುಕ್ಕೆಗೂ ಸೇರಿ ಅತ್ತು ಸೀಳು ಸೌದೆ ಬೇಕು," ಎಂದರು ಅತ್ತೆ ಪುಟ್ಟಮಲ್ಲಮ್ಮ.

"ಹತ್ತು? ಯಾವ ಆಧಾರದ ಮೇಲೆ ಅತ್ತೆ?"

"ಒಲೆ ಮ್ಯಾಲೆ."

ಮೇಷ್ಟ್ರು ನೋಟ್‌ಬುಕ್ ತೆಗೆದರು. ಅಳತೆ ಚಿಕ್ಕದಾದಷ್ಟೂ ತಪ್ಪೂ ಚಿಕ್ಕದಾಗುತ್ತದೆ ಎಂಬುದು ಅವರ ಸಿದ್ಧಾಂತ. ಆದ್ದರಿಂದ ಕ್ಯಾಲೊರಿಯಿಂದ ಎರ್ಗಿಗೆ ಇಳಿದರು. ಒಂದು ಎರ್ಗ್ ಎಂದರೆ ಸೊಳ್ಳೆಯೊಂದು ಬೆರಳಗಲದ ಕಾಲು ಭಾಗ ಮೇಲೇಳಲು ಬೇಕಾಗುವಷ್ಟೇ ಶಕ್ತಿ! ಒಂದು ಹುಳುವಿಗೆ ಐವತ್ತು ಕ್ಯಾಲೊರಿ, ಎಂದರೆ ಇನ್ನೂರ ಹತ್ತು ಕೋಟಿ ಎರ್ಗ್! ಎರಡೂ ಕುಕ್ಕೆಯ ಹತ್ತು ಸಾವಿರ ಹುಳುವಿಗೆ ಇಪ್ಪತ್ತೊಂದು ಲಕ್ಷ ಕೋಟಿ! ಸೊನ್ನೆಗಳು ಪುಟದ ಅಂಚು ದಾಟಿದವು. ಅಲ್ಲಿಂದ ಮತ್ತೆ ಕ್ಯಾಲೊರಿಗೆ ಹತ್ತಿ ಬಂದರು: ಐವತ್ತು ಸಾವಿರ. ಒಲೆಯಲ್ಲಿ ಪೋಲಾಗುವುದಕ್ಕೆಂದು ಅದರ ಇಪ್ಪತ್ತು ಪಟ್ಟು, ಎಂದರೆ ಒಂದು ಸೀಳು ಸೌದೆ ಕೊಡುವ ಹತ್ತು ಲಕ್ಷ, ಹಿಡಿದು ತೀರ್ಪಿತ್ತರು.

"ಒಂದೇ ಸೀಳು!"

ಸೀಳು ಉರಿದು ಬೂದಿಯಾಯಿತು.

"ಆವಿನೇ ಕಾಣ್ತಿಲ್ವಲ್ಲ ಅಳಿಯಂದ್ರೆ?"

"ಶುದ್ಧ ಆವಿ ಕಣ್ಣಿಗೆ ಕಾಣೋದಿಲ್ಲ ಅತ್ತೆ!"

ಪುಟ್ಟಮಲ್ಲಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅದನ್ನು ಗೌರವವೆಂದೇ ತಿಳಿದ ಮೇಷ್ಟ್ರು, ಲೆಕ್ಕದ ಪುಟವನ್ನು ತೆರೆದು ಮಡದಿಯ ಕುಕ್ಕೆಯ ಮೇಲೆ ವಿಜಯಪತಾಕೆಯಂತೆ ಇರಿಸಿ, ತಮ್ಮ ಶಾಲೆಯಿದ್ದ ಹನೂರಿಗೆ ಬಸ್ಸು ಹತ್ತಿದರು.

ಮುಂದಿನ ಭಾನುವಾರ ಬಂದಾಗ ಬಾಗಿಲಲ್ಲೇ ಬಿಳಿ ಚಿಟ್ಟೆಯೊಂದು ರೆಕ್ಕೆ ಬಡಿದು ಸ್ವಾಗತಿಸಿತು. ಒಳಗೆ ನೋಡಿದರೆ ಹಜಾರದ ತುಂಬ ಚಿಟ್ಟೆ! ಗೋಡೆಯಲ್ಲಿ, ಕೊಡೆಯಲ್ಲಿ, ಮಾವನವರ ಪೇಟದಲ್ಲಿ ಜೋಡಿ ಜೋಡಿಯಾಗಿ ಸಂಸಾರ ಹೂಡಿದ್ದವು.

"ಅಯ್ಯೋ, ಧಾರೆ ಸೀರೆ!"

"ಎದರ್ಬ್ಯಾಡಿ," ಎಂದರು ಪುಟ್ಟಮಲ್ಲಮ್ಮ. "ನೀವು ಬಸ್ ಅತ್ತುತ್ಲೂವೆ ಐದು ಸೀಳು ಉರ್ಸಿ ಆ ಕುಕ್ಕೆಯ ಇನ್ನೊಂದ್ಸಲ ಬೇಯಿಸ್ದೆ. ಇದೊಂದ ನಿಮ್ ಮರ್ವಾದಿಗೆ ಅಂತ ಬುಟ್ಟೆ."

ಎಂದರೆ ತೂತಾದದ್ದು ಶಿವರತ್ನಮ್ಮನ ಸೀರೆ! ಮೇಷ್ಟ್ರು ಲೆಕ್ಕದ ಪುಟ ಎತ್ತಿಕೊಂಡರು. ಹತ್ತು ಸಾವಿರ ಹುಳು, ತಲಾ ಐವತ್ತು ಕ್ಯಾಲೊರಿ. ಎರ್ಗಿನ ಹಂಗೇ ಇಲ್ಲದೆ ಬಾಯಲ್ಲಿ ಮಾಡುವ ಲೆಕ್ಕ! ಐದು ಲಕ್ಷ.

"ಒಂದು ಸೊನ್ನೆ ಬಿಟ್ಟುಹೋಗಿದೆ ಕಣೇ ರತ್ನ," ಎಂದರು.

ಶಿವರತ್ನಮ್ಮ ಬಗ್ಗಿ ನೋಡಿದಳು. ಐವತ್ತು ಸಾವಿರದ ಬಲಕ್ಕೆ, ಸಾಲು ಹಿಡಿದು, ಚಿಟ್ಟೆಯೊಂದು ದುಂಡನೆಯ ಪುಟಾಣಿ ಮೊಟ್ಟೆಗಳನ್ನು ಅಂಟಿಸಿತ್ತು.

"ಎಲ್ ಬುಟ್ಟೋಗದೆ? ಚಿಟ್ಟೆ ತಿದ್ಕೊಟ್ಟದೆ ನೋಡಿ ಮೇಷ್ಟ್ರೇ! ನೀವ್ ಬುಟ್ಟಿದ್ದು ಒಂದ್ ಸೊನ್ನೆ, ಅದು ಇಟ್ಟಿರದು ಮುನ್ನೂರು. ಎಲ್ಲಾನೂ ಎಣಿಸಿ ಮುಗ್ಸಿ, ಆಮೇಲೆ ಅಂಗ್ಡಿಗೋಗಿ ನನ್ ಸೀರೆ ತನ್ನಿ!"