ಯಜಮಾನರ ಹೆಸರು ಮೊಮ್ಮಗನಿಗೆ

ದೊಡ್ಡವೆಂಕಟಮ್ಮ ಮೊಮ್ಮಗನನ್ನು ಮೊದಲು ಕಂಡ ದಿನ ಅತ್ತುಬಿಟ್ಟಳು. ಮಾಲೂರಿನ ಆಸ್ಪತ್ರೆಯಲ್ಲಿ ಮಂಚದ ಸುತ್ತ ನಿಂತಿದ್ದವರು ಅದನ್ನು ಆನಂದಬಾಷ್ಪ ಎಂದುಕೊಂಡರು. ಅಲ್ಲ. ಬಟ್ಟೆಯೊಳಗಿನ ಆ ಮುಷ್ಟಿಯಷ್ಟು ಮುಖ ಹುಬ್ಬು ಗಂಟಿಕ್ಕಿಕೊಂಡು, ಕಾಫಿ ಇನ್ನೂ ಯಾಕೆ ಬರಲಿಲ್ಲ ಎನ್ನುವ ಹಾಗೆ ಅವಳನ್ನೇ ನೋಡುತ್ತಿತ್ತು. ಹೋದ ವರ್ಷ ತೀರಿಕೊಂಡ ಯಜಮಾನರು ಬೆಳಿಗ್ಗೆ ಎದ್ದರೆ ನೋಡುತ್ತಿದ್ದದ್ದು ಹಾಗೆಯೇ.

"ಬಂದ್ರಾ?" ಎಂದಳು ಮೆಲ್ಲಗೆ.

"ಯಾರು ಬಂದ್ರು ಅತ್ತೆ?" ಎಂದು ಸೊಸೆ ಮಾನಸ ಬಾಗಿಲ ಕಡೆ ನೋಡಿದಳು.

ಯಜಮಾನರ ಹೆಸರು ಆವಲಪ್ಪ. ನಾವು ಹೇಳಬಹುದು, ದೊಡ್ಡವೆಂಕಟಮ್ಮ ಹೇಳುವಂತಿಲ್ಲ. ಹೆಂಡತಿ ಹೆಸರು ಹಿಡಿದರೆ ಗಂಡನ ಆಯುಸ್ಸು ಕಡಿಮೆಯಾಗುತ್ತದೆಂದು ಅವಳ ತಾಯಿ ಹೇಳಿಕೊಟ್ಟಿದ್ದಳು. (ಈಗ ಕಡಿಮೆಯಾಗಲು ಆಯುಸ್ಸೇ ಉಳಿದಿರಲಿಲ್ಲ. ಆದರೆ ಆ ಸುದ್ದಿ ಅವಳ ನಾಲಿಗೆಗೆ ಇನ್ನೂ ತಲುಪಿರಲಿಲ್ಲ.)

ಅವರಿದ್ದಾಗ ಹೆಸರಿಗೇನೂ ಬರವಿರಲಿಲ್ಲ. ಮಾಸ್ತಿ ಪಕ್ಕದ ಆ ಊರಿನಲ್ಲಿ ಬೆಳಗಾದರೆ ಹಾಲಿನ ಡೈರಿಯವನು "ಆವಲಪ್ಪಾ!" ಎಂದು ಕೂಗುವುದು ಮನೆಯ ಜಗಲಿಗೆ ಕೇಳುತ್ತಿತ್ತು. ತೀರಿಕೊಂಡ ಮೇಲೆ "ಮುನೇಶಾ!" ಎಂದು ಮಗನನ್ನು ಕೂಗತೊಡಗಿದ. ನೆಂಟರು ಮಾತೆತ್ತಿದರೆ "ಪಾಪ, ಹೋದೋರು" ಎನ್ನುತ್ತಿದ್ದರು. ಮನುಷ್ಯ ಹೋದದ್ದು ಸರಿ, ಹೆಸರೂ ಅವರ ಬೆನ್ನಿಗೇ ಹೊರಟುಬಿಡುವುದೇ? ಆ ಹೆಸರು ಮನೆಯೊಳಗೆ ಮತ್ತೆ ಕಿವಿಗೆ ಬೀಳಬೇಕು. ದೊಡ್ಡವೆಂಕಟಮ್ಮನಿಗೆ ಬೇಕಿದ್ದದ್ದು ಅಷ್ಟೇ. ತಾನು ಕೂಗುವಂತಿಲ್ಲ, ನಿಜ. ಕೇಳಬಹುದಲ್ಲ.

ಆದರೆ ತೆಲುಗು ಮಾತಿನ ಮುಳಬಾಗಿಲಿನ ಸೊಸೆ ಆಸ್ಪತ್ರೆಯಿಂದ ಮನೆಗೆ ಬಂದವಳೇ ಬಾಣಂತಿ ಮಂಚದ ಮೇಲೆ ಫೋನು ಹಿಡಿದು ಕೂತು ನಾಮಾನ್ವೇಷಣೆ ಎಂಬ ಮಹಾಯಾಗವನ್ನು ಆಗಲೇ ಶುರು ಮಾಡಿಬಿಟ್ಟಿದ್ದಳು.

"ಅತ್ತೆ, ಇಲ್ ಕೇಳಿ. ರಿಯಾಂಶ್. ಮೂಲ ಸಂಸ್ಕೃತ. ಅರ್ಥ, ಸೂರ್ಯನ ಮೊದಲ್ನೇ ಕಿರಣ. ಶೈಲಿ, ಮಾಡ್ರನ್ನು."

"ಸೂರ್ಯ ದಿನಾ ಹುಟ್ತಾನೆ, ಅವನಿಗೇನೇ ಬಂದಿರೋದು? ಅವರ ಹೆಸರಿಡಿ."

"ಯಾರ್ದು?"

"ಅವರದು ಕಣೇ."

"ಅವರು ಅಂದ್ರೆ?"

"ಅಯ್ಯೋ, ನನ್ ಬಾಯಲ್ಲಿ ಹೇಳಿಸ್ಬೇಡ. ಅಗೋ, ಗೋಡೇ ಮೇಲವ್ರಲ್ಲ, ಅವರು!"

ಗೋಡೆಯ ಮೇಲೆ ಹಾರ ಹಾಕಿದ ಫೋಟೋದ ಪಕ್ಕ ಕ್ಯಾಲೆಂಡರಿನ ತಿಮ್ಮಪ್ಪನೂ ಇದ್ದ. ಮಾನಸ ಒಂದು ಗಳಿಗೆ ಇಬ್ಬರನ್ನೂ ನೋಡಿದಳು. ಆಮೇಲೆ ಅರ್ಥವಾಗಿ, ಫೋನಿನಲ್ಲಿ ಆವಲಪ್ಪ ಎಂದು ಒತ್ತಿದಳು. ಇಂಥ ಹೆಸರು ನಮ್ಮಲ್ಲಿಲ್ಲ, ನೀವು ಹುಡುಕುತ್ತಿರುವುದು ಆರವ್ ಇರಬಹುದೇ ಎಂದು ಫೋನು ವಿನಯವಾಗಿ ಕೇಳಿತು.

"ಮೂಲಾನೂ ಇಲ್ಲ, ಅರ್ಥಾನೂ ಇಲ್ಲ ಅಂತೈತೆ ಅತ್ತೆ."

"ಆವುಲು ಅಂದ್ರೆ ನಿಮ್ ತೆಲುಗಲ್ಲಿ ಹಸುಗಳು ಅಲ್ವೇನೇ?" ಎಂದ ಮುನೇಶ, ಮಧ್ಯೆ ಬಾಯಿ ಹಾಕಿ. "ಹಸುಗಳ ಅಪ್ಪ. ಅರ್ಥ ಸಿಕ್ತಲ್ಲ."

"ನನ್ ಮಗ ಹಸುಗಳಿಗೆ ಅಪ್ಪ ಆಗೋದು ಬೇಡಾರೀ!"

ದೊಡ್ಡವೆಂಕಟಮ್ಮ ಅಂದಿನಿಂದ ಅನ್ನ ಬಿಟ್ಟಳು. (ಮುದ್ದೆ ಬಿಡಲಿಲ್ಲ. ಮುದ್ದೆ ಅನ್ನವಲ್ಲ ಎಂಬುದು ಅವಳ ವಾದ.) ಗೋಡೆಗೊರಗಿ ಕೂತು, ಯಾರಿಗೂ ಹೇಳದ ಹಾಗೆ, ಎಲ್ಲರಿಗೂ ಕೇಳುವ ಹಾಗೆ ನಿಟ್ಟುಸಿರುಬಿಟ್ಟಳು. ಕೊನೆಗೊಂದು ಮಧ್ಯಾಹ್ನ ಮಾನಸಳೇ ತಟ್ಟೆ ಹಿಡಿದು ಬಂದಳು.

"ಯಾಕತ್ತೆ ಇಷ್ಟು ಹಟ?"

"ಆ ಹೆಸರು ಯಾರ ಬಾಯಲ್ಲೂ ಬರ್ತಿಲ್ಲ ಕಣೇ. ಮನೆ ಬಿಕೋ ಅಂತೈತೆ. ಯಾರಾದ್ರೂ ಕರೀಲಿ, ನಾನು ಕೇಳ್ಕೊಂಡಿರ್ತೀನಿ."

ಮಾನಸ ತಟ್ಟೆ ಮುಂದಿಟ್ಟಳು. ಸೂರ್ಯನ ಮೊದಲ ಕಿರಣ ಫೋನಿನಲ್ಲೇ ಉಳಿಯಿತು.

ತೊಟ್ಟಿಲ ದಿನ ಪಕ್ಕದ ಮನೆಯ ಭಾರತಮ್ಮ ಮಗುವಿನ ಕಿವಿಯಲ್ಲಿ "ಆವಲಪ್ಪ, ಆವಲಪ್ಪ, ಆವಲಪ್ಪ" ಎಂದಳು. ದೊಡ್ಡವೆಂಕಟಮ್ಮ ಕಣ್ಣು ಮುಚ್ಚಿ ಕೇಳಿದಳು. ಆಹಾ! ಹೆಸರು ಮನೆಗೆ ಬಂತು.

ಮರುದಿನ ಬೆಳಿಗ್ಗೆಯೇ ಕೋಣೆಯಿಂದ ಸೊಸೆಯ ಕೂಗು ಬಂತು: "ಅತ್ತೇ, ಬೇಗ ಬಟ್ಟೆ ತನ್ನಿ! ಆವಲಪ್ಪ ಉಚ್ಚೆ ಹೊಯ್ಕೊಂಬಿಟ್ಟ!"

ದೊಡ್ಡವೆಂಕಟಮ್ಮ ತಲೆ ಮೇಲೆ ಸೆರಗೆಳೆದುಕೊಂಡಳು. "ಥೂ! ಹಿರೀಕರ ಹೆಸರು ಹಿಡಿದು ಏನೇ ಅದು ಮಾತು?"

"ಮಗೂನ ಅಂದಿದ್ದು ಅತ್ತೆ!"

"ಹೊಯ್ದಿದ್ದು ಮಗು ಅನ್ನು. ಹೆಸರನ್ನ ಯಾಕೆ ನೆನೆಸ್ತೀಯ?"

ಮುನೇಶನ ಕಷ್ಟವೇ ಬೇರೆ. ಅಪ್ಪನ ಹೆಸರಿನ ಹಿಂದೆ "ಲೋ" ಸೇರಿಸಲು ಬಾಯಿ ಬಾರದೆ, "ಆವಲಪ್ಪನೋರೇ, ಹಾಲು ಕುಡೀರಿ" ಎಂದು ಹಸುಗೂಸಿನ ಮುಂದೆ ಕೈಕಟ್ಟಿ ನಿಂತ. ಅದು ಅವನ ಮೀಸೆ ಹಿಡಿದು ಜಗ್ಗಿತು.

ಎಲ್ಲಕ್ಕಿಂತ ಘೋರವಾದದ್ದು ಭಾರತಮ್ಮನ ಮಾತು. ಕಾಂಪೌಂಡಿನ ಆಚೆಯಿಂದ, "ರಾತ್ರಿಯೆಲ್ಲಾ ಆವಲಪ್ಪ ಅಳ್ತಾನೇ ಇದ್ನಲ್ಲ, ಏನಂತೆ ಅವನ್ಗೆ?" ಎಂದಳು. ಮಗುವಿಗೆ ಹೊಟ್ಟೆನೋವೆಂದು ದೊಡ್ಡವೆಂಕಟಮ್ಮನಿಗೆ ಗೊತ್ತಿತ್ತು. ಆದರೂ ಮನಸ್ಸು ಫೋಟೋದ ಕಡೆಗೇ ಹೋಯಿತು. ಅವರಿಗೆ ಅಲ್ಲಿ ಏನು ಕೊರತೆಯಾಗಿದೆಯೋ! ವಡೆ ಸುಟ್ಟು ಫೋಟೋದ ಮುಂದೆ ಎಡೆಯಿಟ್ಟಳು. ಪಕ್ಕದಲ್ಲೇ ಕೂತಳು. ಆಮೇಲೆ ಎದ್ದು ರಾಜಾಜ್ಞೆ ಹೊರಡಿಸಿದಳು: ಆ ಹೆಸರನ್ನು ಇನ್ನು ಮನೆಯಲ್ಲಿ ಕಂಡಕಂಡದ್ದಕ್ಕೆಲ್ಲ ಬಳಸಕೂಡದು.

"ಮತ್ತೆ ಏನಂತ ಕರೀಲಿ?"

"ಏನಾದ್ರೂ ಕರ್ಕೋ."

ಮಾನಸ ಚಿಂಟು ಎಂದಳು. ಮೂಲ ಇಲ್ಲ, ಅರ್ಥ ಇಲ್ಲ, ಶೈಲಿಯನ್ನಂತೂ ಕೇಳಲೇಬೇಡಿ. ಆದರೆ ಚಿಂಟು ಉಚ್ಚೆ ಹೊಯ್ಯಬಹುದಿತ್ತು, ಅಳಬಹುದಿತ್ತು, ಮಣ್ಣು ತಿಂದು ಏಟು ತಿನ್ನಬಹುದಿತ್ತು. ಮನೆಯಲ್ಲಿ ದಿನವೆಲ್ಲ ಚಿಂಟು, ಚಿಂಟು. ಆವಲಪ್ಪನ ಮಾತು ಮತ್ತೆ ನಿಂತಿತು. ದೊಡ್ಡವೆಂಕಟಮ್ಮ ಒಳಗೊಳಗೇ ಕೊರಗಿದಳು. ತಾನೇ ಹಾಕಿದ ಕಟ್ಟಳೆ, ಯಾರನ್ನು ದೂರುವುದು?

ಚಿಂಟು ದೊಡ್ಡವನಾದ. ಇನ್ನು ಉಳಿದದ್ದು ಶಾಲೆಯೊಂದೇ. ಅಲ್ಲಿ ಮಿಸ್ಸು ಗೌರವವಾಗಿ ಹೆಸರು ಕರೆಯುತ್ತಾರೆ. ಮುನೇಶ ಪೂರ್ತಿ ಹೆಸರನ್ನೇ ಬರೆಸಿ ಬಂದಿದ್ದ. ಮೊದಲ ದಿನ ಮೊಮ್ಮಗನನ್ನು ಬಿಡಲು ತಾನೇ ಹೋಗುತ್ತೇನೆಂದು ದೊಡ್ಡವೆಂಕಟಮ್ಮ ಒಗೆದ ಸೀರೆ ಉಟ್ಟು ಹೊರಟಳು. ಚಿಂಟುವನ್ನು ಒಳಗೆ ಕೂರಿಸಿ ಬಂದು ಕಿಟಕಿಯ ಪಕ್ಕ ನಿಂತಳು.

"ಆವಲಪ್ಪ," ಎಂದರು ಮಿಸ್ಸು.

ಎಂಥ ಸೊಗಸು! ದೊಡ್ಡವೆಂಕಟಮ್ಮ ಕಿಟಕಿಯ ಸರಳು ಹಿಡಿದುಕೊಂಡಳು.

ಒಳಗೆ ಯಾರೂ ಮಾತಾಡಲಿಲ್ಲ.

"ಆವಲಪ್ಪ! ಯಾರಪ್ಪ ಆವಲಪ್ಪ?"

ಮುಂದಿನ ಸಾಲಿನಲ್ಲಿ ಕೂತಿದ್ದ ಚಿಂಟು, ಯಾರೋ ಏನೋ ಎಂದು ತಾನೂ ಹಿಂದಕ್ಕೆ ತಿರುಗಿ ಹುಡುಕುತ್ತಿದ್ದ.

"ಬಂದವ್ರೆ ಮಿಸ್ಸಮ್ಮಾ," ಎಂದಳು ದೊಡ್ಡವೆಂಕಟಮ್ಮ ಕಿಟಕಿಯಿಂದ, ತಡೆಯಲಾರದೆ.

"ಯಾರು ಬಂದವ್ರೆ?"

"ಅವರು."

"ಅವರು ಅಂದ್ರೆ ಯಾರಮ್ಮ? ಹೆಸರು ಹೇಳಿ."

ಬಾಯಿ ತೆರೆದಳು. ತುಟಿ ಅಲುಗಿತು. ಮಕ್ಕಳೆಲ್ಲ ಕಿಟಕಿಯ ಕಡೆ ನೋಡಿ ಕಿಸಕ್ಕೆಂದರು. ದೊಡ್ಡವೆಂಕಟಮ್ಮ ಸೆರಗನ್ನು ಬಾಯಿಗಿಟ್ಟುಕೊಂಡಳು.

"ಆವಲಪ್ಪ ಬಂದಿಲ್ಲ," ಎಂದು ಹೇಳಿ ಮಿಸ್ಸು ಮುಂದಿನ ಹೆಸರಿಗೆ ಹೋದರು.

ಶಾಲೆ ಬಿಡುವವರೆಗೂ ಅವಳು ಹೊಂಗೆಮರದ ಕೆಳಗೇ ಕೂತಿದ್ದಳು. ಬೆಲ್ಲು ಹೊಡೆದ ಮೇಲೆ ಮೊಮ್ಮಗ ಓಡಿಬಂದು ಬೆರಳು ಹಿಡಿದುಕೊಂಡ. ರಾಗಿಹೊಲದ ಬದುವಿನ ಮೇಲೆ ಇಬ್ಬರೂ ನಡೆದರು. ಸ್ವಲ್ಪ ದೂರ ಹೋದ ಮೇಲೆ ಅವನು ಹುಬ್ಬು ಗಂಟಿಕ್ಕಿಕೊಂಡು ಮುಖವೆತ್ತಿದ.

"ಅಜ್ಜೀ, ಮಿಸ್ಸು ಕೂಗ್ತಾನೇ ಇದ್ರು, ಅವ್ನು ಬರ್ಲೇ ಇಲ್ಲ. ಆವಲಪ್ಪ ಅಂದ್ರೆ ಯಾರಜ್ಜೀ?"