ಗೇಟು ದಾಟಿದ ಭೂಗೋಳ

ಮಕ್ಕಳನ್ನು ಕ್ಲಾಸಿನಲ್ಲಿ ಕೂರಿಸಿದರೆ ಪಾಠ ಸಾಗುತ್ತದೆ. ಹೊರಗೆ ಕರೆದೊಯ್ದರೆ ಒಂದಲ್ಲ ಒಂದು ಫಜೀತಿ ಆಗಿಯೇ ತೀರುತ್ತದೆ. ಐವತ್ತರ ದಶಕದಲ್ಲಿ ನಾನು ಮೈಸೂರಿನ ಒಂದು ಮಿಡ್ಲ್ ಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರು. ಹೊಲ, ಹುತ್ತ, ಬಿಸಿಲು, ನೆರಳು ಎಲ್ಲವನ್ನೂ ಮಕ್ಕಳು ಕಣ್ಣಾರೆ ನೋಡಿ ಕಲಿಯಬೇಕೆಂಬ ಹುಚ್ಚು ನನಗೆ. ನಮ್ಮ ಹೆಡ್ಮೇಷ್ಟ್ರಿಗೆ ಅದು ಬರೀ ಬೀದಿ ಸುತ್ತಾಟ.

ಮರಳಿನ ಬಿಸಿ

ಒಂದೇ ಬೀದಿಯಲ್ಲಿ ಜಾಗದಿಂದ ಜಾಗಕ್ಕೆ ಬಿಸಿ ಹೇಗೆ ಬದಲಾಗುತ್ತದೆಂದು ತೋರಿಸಲು ಮಕ್ಕಳ ಕೈಗೆ ಥರ್ಮಾಮೀಟರು ಕೊಟ್ಟೆ. ಒಬ್ಬಳಿಗೆ ಹೊಂಗೆಮರದ ನೆರಳು, ಒಬ್ಬನಿಗೆ ಚರಂಡಿ ಪಕ್ಕ, ಇನ್ನೊಬ್ಬನಿಗೆ ಮರಳು. ಮರಳಿನವನು ನೆಟ್ಟಗೆ ಹೋಗಿ ಕಡಲೆಕಾಯಿ ಮಾರುವವನ ಬಾಣಲೆಯ ಮರಳಿಗೇ ಅದನ್ನು ಚುಚ್ಚಿದ. ಸ್ಕೂಲಿಗೆ ವಾಪಸು ಬಂದಾಗ, ಅಲ್ಲಿ ಬಿಸಿ ಎಷ್ಟಿತ್ತೋ ಎಂದು ಹೆಡ್ಮೇಷ್ಟ್ರು ಗದರಿದರು.

"ಗೊತ್ತಾಗ್ಲಿಲ್ಲ ಸಾರ್. ಒಡೆಯೋಗಂಟ ಏರ್ತಾನೇ ಇತ್ತು."

ಬೀರುವಿನ ಸಂಸಾರ

ಇನ್ನು ಗೇಟು ದಾಟಕೂಡದೆಂದು ಅಪ್ಪಣೆಯಾಯಿತು. ಮುಂದೆ ಸ್ಕೂಲು ತಪಾಸಣೆಗೆ ಬರುವ ಇನ್ಸ್‌ಪೆಕ್ಟರು ಒಪ್ಪದಿದ್ದರೆ ಹೊರಗಿನ ಪಾಠವೇ ಬಂದ್ ಎಂದರು ಹೆಡ್ಮೇಷ್ಟ್ರು.

ಸರಿ, ಕಾಂಪೌಂಡಿನೊಳಗೇ ಯಾವ ಜೀವಿ ಎಲ್ಲಿ ವಾಸ ಮಾಡುತ್ತದೆ ನೋಡಿ ಎಂದೆ. ಎಲ್ಲರೂ ಕಲ್ಲು ಎತ್ತಿ ಇರುವೆ ಹುಡುಕಿದರು. ಒಬ್ಬ ಹುಡುಗಿ ಮಾತ್ರ ಹೆಡ್ಮೇಷ್ಟ್ರ ಕೋಣೆ ಹೊಕ್ಕು, ಅವರ ಬೀರುವಿನಲ್ಲಿ ಹಲ್ಲಿ, ಜಿರಲೆ, ಗೆದ್ದಲು, ಮರಿ ಹಾಕಿದ ಇಲಿ ಎಲ್ಲವನ್ನೂ ನೋಡಿಕೊಂಡು ಬಂದಳು. ಅಲ್ಲೇ ಯಾಕೆ ಇಷ್ಟೊಂದು ಎಂದು ಕೇಳಿದೆ. ಹೆಡ್ಮೇಷ್ಟ್ರು ಬಾಗಿಲಲ್ಲೇ ನಿಂತಿದ್ದರು.

"ಅಲ್ಲಿ ಯಾರೂ ಏನೂ ಕೆಲ್ಸ ಮಾಡಲ್ವಲ್ಲ ಸಾರ್, ಅವಕ್ಕೆ ತೊಂದ್ರೆನೇ ಇಲ್ಲ" ಎಂದಳು.

ಮರುದಿನ ಹೆಡ್ಮೇಷ್ಟ್ರೇ ನನ್ನನ್ನು ಕರೆದು, ಈ ಮಕ್ಕಳನ್ನು ಎಷ್ಟು ದೂರ ಆಗುತ್ತೋ ಅಷ್ಟು ದೂರ ಕರೆದುಕೊಂಡು ಹೋಗಿ ಎಂದರು.

ಮೇಟಗಳ್ಳಿಯ ನಕ್ಷೆ

ಹೋದೆವು, ಊರಾಚೆಯ ಹಳ್ಳಿ ಮೇಟಗಳ್ಳಿಗೆ. ಹಗ್ಗ ಹಿಡಿದು ಅಳೆದು, ಯಾವ ಜಮೀನಿನಲ್ಲಿ ಏನಿದೆ ಎಂದು ಅದರ ಒಡೆಯರನ್ನು ಕೇಳಿ, ಅವರು ಸಿಗದಿದ್ದರೆ ತಾವೇ ನೋಡಿ, ನಕ್ಷೆಗೆ ಬಣ್ಣ ಹಚ್ಚುವುದು ಕೆಲಸ. ರಾಗಿಗೆ ಹಸಿರು, ಸುಡುಗಾಡಿಗೆ ಕಪ್ಪು. ಮಕ್ಕಳು ಗುಂಪುಗುಂಪಾಗಿ ಚದುರಿದರು.

ಬಣ್ಣ ಮುಗಿದದ್ದು ಇನ್ಸ್‌ಪೆಕ್ಟರು ಬಂದ ದಿನವೇ. ನಕ್ಷೆಯನ್ನು ಅವರ ಜೊತೆಯಲ್ಲೇ ನಾನೂ ಮೊದಲ ಸಲ ನೋಡಿದೆ. ಊರಿಗೆ ಊರೇ ಕಪ್ಪು. ಮೂಲೆಯಲ್ಲಿ ಒಂದು ಹಸಿರು ತುಂಡು. ನನ್ನ ಕಥೆ ಮುಗಿಯಿತು ಅಂದುಕೊಂಡೆ. ಇಷ್ಟೊಂದು ಜನ ಸತ್ತಿದ್ದು ಯಾವಾಗ ಎಂದರು ಇನ್ಸ್‌ಪೆಕ್ಟರು.

ಒಬ್ಬ ಹುಡುಗ ಎದ್ದುನಿಂತ. "ಯಾರೂ ಸತ್ತಿಲ್ಲ ಸಾರ್. ನಾವು ಹಗ್ಗ ಹಿಡಿದು ಅಳೆಯೋದು ನೋಡಿ, ಕಾರ್ಖಾನೆಗೆ ಜಮೀನು ಕಿತ್ಕೊಳೋಕೆ ಸರ್ಕಾರದೋರು ಬಂದ್ರು ಅನ್ಕೊಂಡ್ರು. 'ಸುಡುಗಾಡು ಅಂತ ಬರ್ಕೊಂಡ್ಬುಡು ಕಣಪ್ಪ, ಆಗ ಯಾರೂ ಮುಟ್ಟಾಕಿಲ್ಲ' ಅಂತ ಎಲ್ಲರೂ ಹೇಳಿದ್ರು."

ಆ ಹಸಿರು ತುಂಡು ಯಾರದಪ್ಪ ಎಂದು ಕೇಳಿದರು.

"ಅವ್ರು ಮನೇಲಿರ್ಲಿಲ್ಲ ಸಾರ್."

ಇನ್ಸ್‌ಪೆಕ್ಟರು ನಕ್ಷೆಯನ್ನು ಸುತ್ತಿಟ್ಟರು. ಆಮೇಲೆ ನನ್ನನ್ನು ವರಾಂಡದ ಮೂಲೆಗೆ ಕರೆದು ತಗ್ಗಿದ ದನಿಯಲ್ಲಿ ಹೇಳಿದರು:

"ಹೊರಗಿನ ಪಾಠ ನಿಲ್ಲಿಸಬೇಡಿ ಮೇಷ್ಟ್ರೇ. ಮುಂದಿನ ಸಲ ಪಕ್ಕದ ಹೆಬ್ಬಾಳದ ಕಡೆ ಹೋಗಿ. ಅಲ್ಲಿ ನಮ್ಮದೂ ಎರಡೆಕರೆ ಇದೆ."