ಅರವತ್ತೊಂದು ಮೆಗಾಪಿಕ್ಸೆಲ್ಲಿನ ಏಕಾದಶಿ

ಕ್ಯಾಮೆರಾದಲ್ಲಿ ಮೆಗಾಪಿಕ್ಸೆಲ್ ಹೆಚ್ಚಿದ್ದರೆ ಏನಾದರೂ ಪ್ರಯೋಜನವಿದೆಯೇ? ಈ ಗಹನವಾದ ಪ್ರಶ್ನೆಗೆ ಇಡೀ ಹೊಸಪೇಟೆಯಲ್ಲಿ ಅಧಿಕಾರದಿಂದ ಉತ್ತರ ಹೇಳಬಲ್ಲವನು ನಾನೊಬ್ಬನೇ ಎಂದು ನಾನು ಬಹಳ ದಿನ ನಂಬಿದ್ದೆ. ನಾನು ಪಿಯುಸಿ ಹುಡುಗರಿಗೆ ಭೌತಶಾಸ್ತ್ರ ಹೇಳಿಕೊಡುವವನು. ಬೆಳಕು, ಮಸೂರ, ಕನ್ನಡಿ ಇವೆಲ್ಲ ನಾನು ಹೇಳಿದಂತೆ ಕೇಳುತ್ತವೆ ಎಂಬ ಭ್ರಮೆ ನನ್ನಂಥವರಿಗೆ ಸಹಜ. ನನ್ನ ಬಳಿ ಆಗಲೇ ಒಂದು ಫುಲ್ ಫ್ರೇಮ್ ಕ್ಯಾಮೆರಾ ಇತ್ತು, ಇಪ್ಪತ್ನಾಲ್ಕು ಮೆಗಾಪಿಕ್ಸೆಲ್ಲಿನದು. ಅದಕ್ಕೆ ಯಾವ ರೋಗವೂ ಇರಲಿಲ್ಲ. ರೋಗ ಇದ್ದದ್ದು ನನಗೆ. ಅರವತ್ತೊಂದು ಮೆಗಾಪಿಕ್ಸೆಲ್ಲಿನದೊಂದು ಮಾರುಕಟ್ಟೆಗೆ ಬಂದಿದೆ ಎಂದು ಮೊಬೈಲಿನಲ್ಲಿ ನೋಡಿದ ದಿನದಿಂದ ನನ್ನ ಹಳೆಯ ಫೋಟೊಗಳೆಲ್ಲ ಮಂಜಾಗಿ ಕಾಣತೊಡಗಿದವು.

ಮೊದಲು ಸಲಹೆ ಕೇಳಿದ್ದು ಗೆಳೆಯ ಗವಿಸಿದ್ದಪ್ಪನನ್ನು. ಬಸ್ ಸ್ಟ್ಯಾಂಡಿನ ಹಿಂದೆ ಅವನದು ಫೋಟೊ ಸ್ಟುಡಿಯೊ, ಜೊತೆಗೆ ಫ್ಲೆಕ್ಸ್ ಪ್ರಿಂಟಿಂಗ್. ಊರಿನ ಪುಢಾರಿಗಳ ಮುಖವನ್ನೆಲ್ಲ ಮಾರುದ್ದ ಹಿಗ್ಗಿಸಿ ಕಂಬಕ್ಕೆ ಕಟ್ಟುವವನು ಅವನೇ.

"ಸರ, ಇಪ್ಪತ್ನಾಲ್ಕು ಭಾಳ ಆತು. ಊರಾಗಿನ ಫ್ಲೆಕ್ಸ್ ಅಷ್ಟೂ ನಾನು ವಾಟ್ಸಾಪ್‌ನಾಗ ಬಂದ ಫೋಟೊ ಇಟಗೊಂಡು ಮಾಡೀನಿ. ದೂರ ನಿಂತು ನೋಡೋರಿಗೆ ಅಷ್ಟು ಸಾಕು. ಹತ್ರ ಬಂದು ಯಾರ್ ನೋಡ್ತಾರ್ರಿ?" ಎಂದ.

ನನಗೆ ಅವನ ಅಜ್ಞಾನದ ಮೇಲೆ ಮರುಕ ಹುಟ್ಟಿತು. ಪಾಪ, ಫ್ಲೆಕ್ಸಿನವನು! ಅವನಿಗೇನು ಗೊತ್ತು ಎಂದುಕೊಂಡು ಮನೆಗೆ ಬಂದು ಹೆಂಡತಿ ಸುಧಾಳ ಮುಂದೆ ಅರ್ಜಿ ಇಟ್ಟೆ.

ಸುಧಾಳ ತವರು ಕಂಪ್ಲಿ. ನನ್ನ ಮಾವನವರು ಅಲ್ಲಿ ಹೆಡ್ಮಾಸ್ತರರಾಗಿ ನಿವೃತ್ತರಾದವರು, ಮಹಾ ಕರ್ಮಠರು. ಹದಿನೈದು ದಿನಕ್ಕೊಮ್ಮೆ ಬರುವ ಏಕಾದಶಿಯಂದು ಒಂದು ಗುಟುಕು ನೀರನ್ನೂ ಬಾಯಿಗೆ ಬಿಟ್ಟುಕೊಳ್ಳದೆ, ಮರುದಿನ ಬೆಳಗ್ಗೆ ದ್ವಾದಶಿ ಪಾರಣೆಗೇ ಎಲೆಯ ಮುಂದೆ ಕೂರುವವರು. ಅವರ ಅಳಿಯನಾದ ನಾನು ಏಕಾದಶಿಯಂದು ಎರಡು ಹೊತ್ತು ಉಂಡು, ಸಂಜೆ ಚಹದ ಜೊತೆ ಚೂಡಾ ತಿನ್ನುವವನು. ಮದುವೆಯಾಗಿ ಇಪ್ಪತ್ತು ವರ್ಷವಾದರೂ ಮಾವನವರು ನನ್ನನ್ನು ಫೇಲಾದ ಹುಡುಗನ ಉತ್ತರಪತ್ರಿಕೆ ನೋಡಿದಂತೆಯೇ ನೋಡುತ್ತಿದ್ದರು.

ಸುಧಾ ಅರ್ಜಿಯನ್ನು ಷರತ್ತುಬದ್ಧವಾಗಿ ಮಂಜೂರು ಮಾಡಿದಳು. "ಅಪ್ಪಗ ಎಂಬತ್ತು ತುಂಬಿ ಸಹಸ್ರಚಂದ್ರ ಶಾಂತಿ ಬರ್ಲಿಕ್ಕೆ ಹತ್ತೇದ. ಅಲ್ಲಿ ತನಕ ಒಂದು ಏಕಾದಶಿನೂ ಬಿಡಬ್ಯಾಡ್ರಿ. ಒಂದು ತಪ್ಪಿದ್ರೂ ಅವತ್ತ ಕ್ಯಾಮೆರಾ ಮಾರಬೇಕು. ಒಪ್ಪಿಗಿ ಇದ್ರ ಹೇಳ್ರಿ."

ಒಪ್ಪಿದೆ. ಅರವತ್ತೊಂದು ಮೆಗಾಪಿಕ್ಸೆಲ್ಲಿಗಾಗಿ ಅವಳು ತಲೆ ಬೋಳಿಸಿಕೊಳ್ಳಿ ಎಂದಿದ್ದರೂ ಒಪ್ಪುತ್ತಿದ್ದೆ. ಇರುವ ಕೂದಲೂ ಅಷ್ಟಕ್ಕಷ್ಟೇ.

ಕ್ಯಾಮೆರಾ ಬಂತು. ಅದರ ಮೊದಲ ಬಲಿ ನನ್ನ ಕರಡಿ. ಹಳೆಯ ಕ್ಯಾಮೆರಾದಲ್ಲಿ ದರೋಜಿ ಕರಡಿಧಾಮದ ವೀಕ್ಷಣಾ ಗೋಪುರದಿಂದ ನಾನು ತೆಗೆದ ಕರಡಿಯ ಫೋಟೊ ಒಂದು ನಮ್ಮ ಹಾಲ್‌ನಲ್ಲಿ ಕಟ್ಟು ಹಾಕಿಸಿಕೊಂಡು ತೂಗುತ್ತಿತ್ತು. ದೂರದ ಬಂಡೆಗಳ ನಡುವೆ ಬೆನ್ನು ಮಾಡಿ ಕೂತ ಗಂಭೀರ ಕರಡಿ. ಸ್ಟಾಫ್ ರೂಮಿನಲ್ಲಿ ಅದನ್ನು ಹೊಗಳದವರಿಲ್ಲ. ಹೊಸ ಕ್ಯಾಮೆರಾ ಹಿಡಿದು ಅದೇ ಗೋಪುರಕ್ಕೆ ಹೋದೆ. ನನ್ನ ಅದೃಷ್ಟ ನೋಡಿ, ಕರಡಿ ಅದೇ ಜಾಗದಲ್ಲಿ ಕೂತಿತ್ತು! ಅದೇ ಭಂಗಿ! ಮನೆಗೆ ಬಂದು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದೆ. ಅದು ಬಂಡೆ. ಮೊದಲಿನಿಂದಲೂ ಬಂಡೆಯೇ. ಸುಧಾ ಕಟ್ಟು ಇಳಿಸಿ ಆ ಮೊಳೆಗೆ ಪಂಚಾಂಗದ ಕ್ಯಾಲೆಂಡರ್ ಸಿಕ್ಕಿಸಿದಳು. ಇಪ್ಪತ್ನಾಲ್ಕರಲ್ಲಿ ಅದು ಕರಡಿಯಾಗಿಯೇ ಉಳಿದಿತ್ತಲ್ಲ ಸರ್, ಸುಮ್ಮನೆ ಯಾಕೆ ಕೆದಕಿದಿರಿ ಎಂದು ಗವಿಸಿದ್ದಪ್ಪ ವ್ಯಥೆಪಟ್ಟ.

ಇನ್ನೊಂದು ಬಲಿ ನಮ್ಮ ಕಂಪ್ಯೂಟರು. ಹೊಸ ಕ್ಯಾಮೆರಾದ ಒಂದೊಂದು ಫೋಟೊವೂ ಅದಕ್ಕೆ ಒಂದೊಂದು ಮೂಟೆ. ಒಂದನ್ನು ತೆರೆಯುವಷ್ಟರಲ್ಲಿ ನಾನು ಚಹ ಮಾಡಿ, ಕುಡಿದು, ಲೋಟ ತೊಳೆದಿಟ್ಟು ಬರಬಹುದಿತ್ತು. ಏಕಾದಶಿಯ ದಿನ ಅದೂ ಇಲ್ಲ. ಪರದೆಯ ಮೇಲೆ ತಿರುಗುವ ಚಕ್ರವನ್ನೇ ನೋಡುತ್ತ ಕೂರಬೇಕು.

ಆದರೂ ಆರು ಏಕಾದಶಿಗಳನ್ನು ನಾನು ಚಾಚೂ ತಪ್ಪದೆ ಮಾಡಿದೆ. ನಂಬಿ. ನಾಲ್ಕನೆಯದಕ್ಕೆ ಮಾವನವರು ಫೋನ್ ಮಾಡಿ, ಪಾರಣೆಗೆ ಕಂಪ್ಲಿಗೇ ಬನ್ನಿ ಎಂದು ಕರೆದರು. ಹೋದರೆ, ಯಾವಾಗಲೂ ಬಾಗಿಲ ಹತ್ತಿರ ಬೀಳುತ್ತಿದ್ದ ನನ್ನ ಎಲೆಯನ್ನು ತಮ್ಮ ಪಕ್ಕದಲ್ಲೇ ಹಾಕಿಸಿದ್ದರು! ಬಂದವರಿಗೆಲ್ಲ "ನಮ್ಮ ಅಳಿಯದೇವ್ರು ಭಾಳ ಸುಧಾರಿಸ್ಯಾರ" ಎಂದು ಹೇಳಿದರು. ನಿಜ ಹೇಳುತ್ತೇನೆ, ಇಪ್ಪತ್ತು ವರ್ಷದಿಂದ ಆ ಒಂದು ಮಾತಿಗೆ ನಾನು ಒಳಗೊಳಗೇ ಕಾದಿದ್ದೆ ಎಂಬುದು ನನಗೇ ಗೊತ್ತಿರಲಿಲ್ಲ. ಅಲ್ಲಿಂದ ಮುಂದೆ ನಾನು ಉಪವಾಸ ಮಾಡಿದ್ದು ಕ್ಯಾಮೆರಾಕ್ಕಿಂತ ಹೆಚ್ಚಾಗಿ ಆ ಎಲೆಗಾಗಿ.

ಏಳನೆಯ ಏಕಾದಶಿಗೆ ಎಲ್ಲರೂ ಹಂಪಿಗೆ ಹೋದೆವು. ಹೊಳೆದಂಡೆಯ ದೇವರ ದರ್ಶನ ಮಾಡಿಕೊಂಡು, ಶಾಂತಿಯ ದಿನ ಮನೆಯಲ್ಲಿ ಹಾಕುವುದಕ್ಕೆ ಮಾವನವರದೊಂದು ದೊಡ್ಡ ಫೋಟೊ ತೆಗೆಯುವುದೆಂದು ತೀರ್ಮಾನವಾಗಿತ್ತು. ತಿಂಗಳ ಹಿಂದೆ ಅವರಿಗೆ ಕಣ್ಣಿನ ಪೊರೆ ತೆಗೆದಿದ್ದರು. ಬಿಸಿಲಿಗೆ ಹೋದರೆ ಕಪ್ಪು ಕನ್ನಡಕ ಹಾಕಿಕೊಳ್ಳಲೇಬೇಕೆಂದು ಡಾಕ್ಟರು ಹೇಳಿದ್ದರಂತೆ. ಫೋಟೊಕ್ಕಾದರೂ ತೆಗೆಯಿರಿ ಎಂದರೆ ಹೆಡ್ಮಾಸ್ತರರು ಕೇಳಬೇಕಲ್ಲ! ಹಣೆಯ ಮೇಲೆ ಅಂಗಾರ-ಅಕ್ಷತೆ, ಕೆಳಗೆ ಅಂಗೈಯಗಲದ ಕಪ್ಪು ಕನ್ನಡಕ. ಹಾಗೇ ಬಂಡೆಯ ಮೇಲೆ ಕೂತು ಕಣ್ಣು ಮುಚ್ಚಿ ಜಪ ಶುರುಮಾಡಿದರು. ಸುಧಾ ತನ್ನ ಅಮ್ಮನನ್ನು ಕರೆದುಕೊಂಡು ಗುಡಿಗೆ ಇನ್ನೊಂದು ಪ್ರದಕ್ಷಿಣೆ ಹಾಕಲು ಹೋದಳು.

ಇಲ್ಲಿ ಒಂದು ತಾಂತ್ರಿಕ ವಿಷಯವನ್ನು ವಾಚಕರ ಗಮನಕ್ಕೆ ತರಬೇಕು. ಮೆಗಾಪಿಕ್ಸೆಲ್ ಹೆಚ್ಚಾದಷ್ಟೂ ಕೈಯ ಸಣ್ಣ ನಡುಕವೂ ಫೋಟೊದಲ್ಲಿ ಕಾಣುತ್ತದೆ. ಆದ್ದರಿಂದ ನನ್ನಂಥ ಬಲ್ಲವರು ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಐದು ಸೆಕೆಂಡಿಗೊಮ್ಮೆ ತನ್ನಷ್ಟಕ್ಕೆ ತಾನೇ ಕ್ಲಿಕ್ಕಾಗುವಂತೆ ಮಾಡಿ, ಮುಟ್ಟದೆ ಪಕ್ಕದಲ್ಲಿ ನಿಲ್ಲುತ್ತಾರೆ. ನಾನೂ ಹಾಗೇ ಮಾಡಿದೆ. ಇದರಿಂದ ಒಂದು ತೊಂದರೆಯಾಯಿತು. ನನ್ನ ಎರಡೂ ಕೈ ಖಾಲಿಯಾದವು.

ಕೈ ಖಾಲಿ, ಹೊಟ್ಟೆ ಖಾಲಿ, ಬ್ಯಾಗು ಮಾತ್ರ ಖಾಲಿ ಇರಲಿಲ್ಲ. ಅರ್ಧ ಗಂಟೆಯ ಹಿಂದೆ ಬ್ಯಾಟರಿ ತರುತ್ತೇನೆಂದು ಕಾರಿನ ಹತ್ತಿರ ಹೋದವನಿಗೆ ದಾರಿಯಲ್ಲಿ ಮಿರ್ಚಿಯ ಬಂಡಿ ಸಿಕ್ಕಿತ್ತು. ಆಗತಾನೇ ಎಣ್ಣೆಯಿಂದ ತೆಗೆದ ಮೆಣಸಿನಕಾಯಿ ಬಜ್ಜಿ, ಪಕ್ಕದಲ್ಲಿ ಒಗ್ಗರಣೆ ಹಾಕಿದ ಮಂಡಕ್ಕಿ. ನಮ್ಮ ಸೀಮೆಯಲ್ಲಿ ಹುಟ್ಟಿದವನಿಗೆ ಅದರ ಮುಂದೆ ವೈರಾಗ್ಯ ಸಾಧ್ಯವಿಲ್ಲ. ಮಂಡಕ್ಕಿಯನ್ನು ಗೆದ್ದೆ. ಮಿರ್ಚಿಗೆ ಸೋತೆ. ಎರಡೇ ಎರಡು ಕಟ್ಟಿಸಿಕೊಂಡು ಬ್ಯಾಗಿನಲ್ಲಿ ಲೆನ್ಸ್ ಇಡುವ ಜಾಗದಲ್ಲಿ ಇಟ್ಟುಕೊಂಡು ಬಂದಿದ್ದೆ. ಮಾವನವರ ಕಣ್ಣು ಮುಚ್ಚಿದೆ, ಹೆಂಡತಿ ಗುಡಿಯಲ್ಲಿದ್ದಾಳೆ, ನಾನಾದರೋ ಕ್ಯಾಮೆರಾದ ಹಿಂದಿದ್ದೇನೆ. ಕ್ಯಾಮೆರಾದ ಹಿಂದೆ ನಿಂತವನು ಫೋಟೊದಲ್ಲಿ ಬರುವುದುಂಟೇ? ತಿಂದೆ. ಆಹಾ, ಎಂಥ ರುಚಿ! ಆ ಕಡೆ ಕ್ಯಾಮೆರಾ ಐದು ಸೆಕೆಂಡಿಗೊಮ್ಮೆ ಟಕ್ ಟಕ್ ಎನ್ನುತ್ತಿತ್ತು.

ಬಂದ ಫೋಟೊಗಳಲ್ಲಿ ಒಂದು ಅಮೋಘವಾಗಿತ್ತು. ಎಂದೂ ನಗದ ಮಾವನವರ ತುಟಿಯಂಚಿನಲ್ಲಿ ಅದೊಂದರಲ್ಲಿ ಮಾತ್ರ ಸಣ್ಣ ನಗು. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ಹಣೆಯ ಅಕ್ಷತೆ, ಹುಬ್ಬಿನ ಕೂದಲು, ಶಲ್ಯದ ಎಳೆ ಎಲ್ಲವನ್ನೂ ಪರೀಕ್ಷಿಸಿದೆ. ಕನ್ನಡಕದ ಕಡೆ ನೋಡಲಿಲ್ಲ. ಕಪ್ಪು ಗಾಜಿನಲ್ಲಿ ನೋಡುವುದೇನಿದೆ? ಗವಿಸಿದ್ದಪ್ಪನ ಹತ್ತಿರ ನಾಲ್ಕಡಿ ಎತ್ತರದ ಪ್ರಿಂಟ್ ಹಾಕಿಸಿ ಕಟ್ಟು ಮಾಡಿಸಿದೆ.

ಶಾಂತಿಯ ದಿನ ಕಂಪ್ಲಿಯ ಮನೆ ತುಂಬ ನೆಂಟರು. ಗವಿಸಿದ್ದಪ್ಪನೇ ಫೋಟೊ ತಂದು ಗೋಡೆಗೆ ಒರಗಿಸಿದ. ಎಲ್ಲರೂ ಬೆರಗಾದರು. ನಾನು ಕೈಕಟ್ಟಿ ನಿಂತು, ಇದಕ್ಕೇ ಮೆಗಾಪಿಕ್ಸೆಲ್ ಬೇಕು ಎನ್ನುವುದು ಎಂದು ಉಪನ್ಯಾಸ ಆರಂಭಿಸಿದೆ. ಮಾವನವರಿಗೆ ಪೊರೆ ತೆಗೆದ ಮೇಲೆ ಕಂಡದ್ದನ್ನೆಲ್ಲ ಹತ್ತಿರ ಹೋಗಿ ನೋಡುವ ಹೊಸ ಹುರುಪು. ಫೋಟೊದ ಮುಂದೆ ಹೋಗಿ ಬಗ್ಗಿದರು. ಇನ್ನೂ ಬಗ್ಗಿದರು. ಮೂಗು ಗಾಜಿಗೆ ತಾಗುವುದೊಂದೇ ಬಾಕಿ.

"ಅಳಿಯದೇವ್ರ, ನನ್ನ ಕನ್ನಡಕದಾಗ ನಿಂತೋರು ನೀವ ಏನ್ರಿ?"

ನನ್ನ ಉಪನ್ಯಾಸ ನಿಂತಿತು. ಹೌದು ಎಂದೆ.

"ಬಾಯಿ ಹತ್ರ ಏನದು?"

"ಅದು... ಲೆನ್ಸಿನ ಮುಚ್ಚಳ, ಮಾವಾ."

ಮಾವನವರು ಮತ್ತೊಮ್ಮೆ ಬಗ್ಗಿ ನೋಡಿದರು. "ಮುಚ್ಚಳಕ್ಕ ತೊಟ್ಟು ಇರ್ತದೇನ್ರಿ?"

ಮನೆಯಲ್ಲಿದ್ದವರೆಲ್ಲ ಸರದಿಯಲ್ಲಿ ಬಂದು ನೋಡಿದರು. ಎಡಗಣ್ಣಿನ ಗಾಜಿನೊಳಗೆ ನಾನು ಸಾಕ್ಷಾತ್ ನಿಂತಿದ್ದೆ. ಬಾಯಿ ತೆರೆದಿದೆ, ಕಣ್ಣು ಅರೆ ಮುಚ್ಚಿದೆ, ಬೆರಳ ತುದಿಯಲ್ಲಿ ಹಸಿರು ತೊಟ್ಟಿನ ಸಮೇತ ಮಿರ್ಚಿ. ಪಿಯುಸಿ ಹುಡುಗರಿಗೆ ಬೆಳಕಿನ ಪ್ರತಿಫಲನದ ನಿಯಮಗಳನ್ನು ನಾನು ವರ್ಷಕ್ಕೆ ಎರಡೆರಡು ಸಲ ಬಾಯಿಪಾಠ ಮಾಡಿಸುತ್ತೇನೆ! ಗವಿಸಿದ್ದಪ್ಪ ನನ್ನ ಕಿವಿಯ ಹತ್ತಿರ ಬಂದು, "ಇಪ್ಪತ್ನಾಲ್ಕರಾಗ ಬರೇ ಹಳದಿ ಚುಕ್ಕಿ ಕಾಣ್ತಿತ್ತು ಸರ" ಎಂದ.

ಸುಧಾ ಅತ್ತುಬಿಟ್ಟಳು. ನನಗೆ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾಳೆಯೇ ಆ ಕ್ಯಾಮೆರಾ ಮಾರಿ ಬನ್ನಿ ಎಂದು ಎಲ್ಲರೆದುರು ಹೇಳಿ ಒಳಗೆ ಹೊರಟಳು. ಮಾವನವರು ಅವಳನ್ನು ತಡೆದು ನಿಲ್ಲಿಸಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಯಾವುದೋ ದೊಡ್ಡ ಭಾರ ಇಳಿದವರ ಹಾಗೆ ಇದ್ದರು.

"ಅವತ್ತು ಜಪಕ್ಕ ಕೂತಾಗ ನನಗ ಮಿರ್ಚಿ ವಾಸನಿ ಬಂತವಾ. ಏಕಾದಶಿ ದಿನ, ಹೊಳಿ ದಂಡ್ಯಾಗ, ಮಿರ್ಚಿ ಎಲ್ಲಿಂದ ಬರಬೇಕು? ಈ ವಯಸ್ಸಿನ್ಯಾಗ ನನ್ನ ಮನಸ್ಸ ಕೆಡ್ತು ಅಂದಕೊಂಡು ಒಂದು ತಿಂಗಳು ದಿನಾ ಸಾವಿರ ಜಪ ಹೆಚ್ಚಿಗಿ ಮಾಡೀನಿ. ತಪ್ಪು ನಂದಲ್ಲಂತ ಇವತ್ತು ಗೊತ್ತಾತು."

ಆ ತುಟಿಯಂಚಿನ ನಗು ಯಾವುದಕ್ಕೆ ಬಂದಿತ್ತು ಎಂದು ನನಗೂ ಅವತ್ತೇ ಗೊತ್ತಾಯಿತು. ಮುದುಕರು ಒಂದು ತಿಂಗಳು ನನ್ನ ಮಿರ್ಚಿಗೆ ಪ್ರಾಯಶ್ಚಿತ್ತ ಮಾಡಿಕೊಂಡಿದ್ದರು. ನೆಲ ಬಾಯಿ ಬಿಟ್ಟರೆ ಇಳಿದುಬಿಡೋಣ ಅನ್ನಿಸಿತು. ಕಾಲಿಗೆ ಬಿದ್ದು ತಪ್ಪಾಯಿತು ಎಂದೆ. ಅವರು ನನ್ನ ಕಡೆ ನೋಡಲಿಲ್ಲ, ಮಗಳ ಕಡೆ ನೋಡಿದರು.

"ಕ್ಯಾಮೆರಾ ಮಾರಬ್ಯಾಡವಾ. ನಿಮ್ಮ ಮನ್ಯಾಗ ಖರೇ ಹೇಳೋದು ಅದೊಂದ ಅದ. ಇರ್ಲಿ."

ಹೀಗಾಗಿ ಕ್ಯಾಮೆರಾ ಉಳಿಯಿತು. ಫೋಟೊ ಕಂಪ್ಲಿಯ ಪಡಸಾಲೆಯಲ್ಲಿ ತೂಗುತ್ತಿದೆ. ಮಾವನವರು ಬಂದವರನ್ನೆಲ್ಲ ಅದರ ಹತ್ತಿರ ಕರೆದೊಯ್ದು ಎಡಗಣ್ಣಿನ ಗಾಜನ್ನು ತೋರಿಸುತ್ತಾರೆ. ಊಟಕ್ಕೆ ನನ್ನ ಎಲೆ ಮತ್ತೆ ಬಾಗಿಲ ಹತ್ತಿರಕ್ಕೆ ಹೋಗಿದೆ. ನಾನೀಗ ಎಲ್ಲ ಏಕಾದಶಿಗಳನ್ನೂ ಕಟ್ಟುನಿಟ್ಟಾಗಿ ಮಾಡುತ್ತೇನೆ, ನಂಬುವವರು ಮಾತ್ರ ಯಾರೂ ಇಲ್ಲ.

ಮೊನ್ನೆ ಏಕಾದಶಿಯ ಬೆಳಗ್ಗೆ ಹನಿ ನೀರು ಕುಡಿಯದೆ ಕೂತಿದ್ದೆ. ಮಾವನವರ ಫೋನು ಬಂತು. ಶಾಂತಿಯಾದ ಮೇಲೆ ನನಗೆ ಬಂದ ಮೊದಲ ಫೋನು ಅದು. ಎದ್ದು ನಿಂತು ಕಿವಿಗೆ ಇಟ್ಟುಕೊಂಡೆ.

"ಕ್ಯಾಮೆರಾ ಆರಾಮ ಅದ ಏನ್ರಿ?"

ಆರಾಮಿದೆ ಎಂದೆ.

"ಮಳಿಗಾಲ ಬಂತು. ಅದಕ್ಕ ಥಂಡಿ ಹತ್ತಬಾರ್ದು, ನೋಡಿಕೋರಿ" ಎಂದರು.

ನಾನೂ ಆರಾಮಿದ್ದೇನೆ ಮಾವಾ ಎಂದು ಹೇಳುವಷ್ಟರಲ್ಲಿ ಫೋನ್ ಇಟ್ಟುಬಿಟ್ಟಿದ್ದರು.